ಫಳ್ನೀರಿನ ಮೂರನೇ ಮಹಡಿ

ಸೋಮವಾರ ಬೆಳಿಗ್ಗೆ ಆರೂವರೆಗೆ ನಮ್ಮ ಬಸ್ಸು ಹುಬ್ಬಳ್ಳಿ ಬಿಟ್ಟಿತು. ಮಂಗಳೂರಿಗೆ ಹತ್ತಿರ ಹತ್ತಿರ ಮುನ್ನೂರೈವತ್ತು ಕಿಲೋಮೀಟರ್, ಹತ್ತು ತಾಸಿನ ದಾರಿ ಎಂದು ಕಂಡಕ್ಟರ್ ಹೇಳಿದ. ಮೂವರು ಹುಡುಗರು ದುಡ್ಡು ಕೊಟ್ಟು ಟಿಕೆಟ್ ಪಡೆದರು. ನಾನೂ ಮೂವರು ಹುಡುಗಿಯರೂ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆವು. ನನ್ನ ಕಾಲ ಬಳಿ ಎರಡು ಗಂಟು ಇದ್ದವು. ಒಂದರಲ್ಲಿ ಸೀರೆ, ಬೈಬಲ್ಲು, ಗುಳಿಗೆ. ಇನ್ನೊಂದರಲ್ಲಿ ಅರವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬಸ್ಸು ಅಲುಗಿದ ಕೂಡಲೇ ಸ್ಯಾಮುವೇಲ ಸೀಟಿನಿಂದ ಎದ್ದು, ಕಂಬಿ ಹಿಡಿದು, ಪ್ರಯಾಣಕ್ಕಾಗಿ ಪ್ರಾರ್ಥನೆ ಮಾಡಿದ. ಅವನು ಆಮೆನ್ ಎನ್ನುವ ಹೊತ್ತಿಗೆ ಬಸ್ಸು ಊರು ದಾಟಿತ್ತು.

ಸ್ಯಾಮುವೇಲ ಈ ತಂಡದ ಮುಖಂಡ, ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಾನೆ. ಆರೂ ಮಂದಿ ನಮ್ಮ ಸಭೆಯ ಮಕ್ಕಳೇ. ವರ್ಷಕ್ಕೊಂದು ಸಲ ರಜೆಯಲ್ಲಿ ಒಂದು ವಾರ ಎಲ್ಲಿಯಾದರೂ ಸೇವೆಗೆ ಹೋಗುತ್ತಾರೆ. ಈ ಸಲ ಮಂಗಳೂರಿನ ಫಳ್ನೀರಿನಲ್ಲಿರುವ ಒಂದು ಆಸ್ಪತ್ರೆ. ರೋಗಿಗಳ ಜೊತೆ ಬಂದವರಿಗೆ ಬಿಸಿನೀರು ತಂದುಕೊಡುವುದು, ಔಷಧಿಯ ಸಾಲಿನಲ್ಲಿ ನಿಲ್ಲುವುದು, ಅವರು ಸ್ನಾನಕ್ಕೋ ಊಟಕ್ಕೋ ಹೋದಾಗ ರೋಗಿಯ ಬಳಿ ಕೂಡುವುದು, ಇಷ್ಟು ಕೆಲಸ. ಹುಡುಗಿಯರ ಜೊತೆಗೆ ಹಿರಿಯ ಹೆಂಗಸೊಬ್ಬರು ಬೇಕು ಎಂದು ಪಾಸ್ಟರ್ ಆರಾಧನೆ ಮುಗಿದ ಮೇಲೆ ಕೇಳಿದರು. ಯಾರೂ ಏಳಲಿಲ್ಲ. ನಾನು ಕೈ ಎತ್ತಿದೆ. ಅರವತ್ತೆಂಟು ವರ್ಷಕ್ಕೆ ಸಭೆಯಲ್ಲಿ ನಾನು ಕೈ ಎತ್ತಿದ್ದು ಅದೇ ಮೊದಲು. ನನ್ನ ಹಿರಿಮಗಳು, ನಿಮ್ಮ ದೊಡ್ಡಮ್ಮ, ನನ್ನ ಸೆರಗು ಜಗ್ಗಿ, "ಅವ್ವ, ಫ್ಯಾನ್ ಹಚ್ಚಂತೀಯೇನು?" ಎಂದು ಕೇಳಿದಳು.

ಮೊಮ್ಮಕ್ಕಳೇ, ಯಾಕೆ ಕೈ ಎತ್ತಿದೆ ಎಂದು ನೀವೆಲ್ಲರೂ ಕೇಳಿದಿರಿ. ಆಗ ನಾನು ನಕ್ಕು ಸುಮ್ಮನಾದೆ. ಈಗ ಬರೆಯುತ್ತೇನೆ. ನಿಮ್ಮ ಅಜ್ಜ ತೀರಿಕೊಂಡದ್ದು ಅದೇ ಆಸ್ಪತ್ರೆಯಲ್ಲಿ, ಹನ್ನೊಂದು ವರ್ಷದ ಹಿಂದೆ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು. ಕೊನೆಯ ದಿನ ಮಧ್ಯಾಹ್ನ ಅವರು ನನಗೆ ಪ್ರಾರ್ಥನೆ ಮಾಡು ಎಂದರು. ನಾನು ತುಟಿಯಲ್ಲೇ ಮಾಡಿದೆ. "ಗಟ್ಟಿಯಾಗಿ ಹೇಳು, ನನಗ ಕೇಳಸವಲ್ದು" ಎಂದರು. ಸುತ್ತ ಹತ್ತು ಹಾಸಿಗೆ, ತುಂಬ ಜನ. "ಮಂದಿ ಅದಾರು" ಎಂದೆ. ಅವರು ಮತ್ತೆ ಕೇಳಲಿಲ್ಲ.

ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಏಳನೇ ಇಯತ್ತೆಯಲ್ಲಿ ಪಾಠ ಓದಲು ಎಬ್ಬಿಸಿದರೆ ಅಳುತ್ತಿದ್ದೆ. ನಮ್ಮ ಸಭೆಯಲ್ಲಿ ಹೆಂಗಸರ ಕೂಟದ ದಿನ ಒಬ್ಬೊಬ್ಬರಾಗಿ ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು ರೂಢಿ. ಸರದಿ ಹತ್ತಿರ ಬಂದಾಗ ನಾನು ಚಹಾ ಇಡಲು ಏಳುತ್ತೇನೆ. ಆ ಚಹಾ ಇಷ್ಟು ವರ್ಷ ನನ್ನನ್ನು ಕಾಪಾಡಿದೆ. ಆದರೆ ಈ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟಿದ್ದೆ. ಆ ಕಟ್ಟಡದಲ್ಲಿ, ಯಾರದಾದರೂ ಹಾಸಿಗೆಯ ಪಕ್ಕ, ಒಂದೇ ಒಂದು ಸಲ ಗಟ್ಟಿಯಾಗಿ ಹೇಳಿ ಬರಬೇಕು.

ಯಲ್ಲಾಪುರದಲ್ಲಿ ಇಡ್ಲಿ ತಿಂದೆವು. ಅರಬೈಲು ಘಾಟಿಯಲ್ಲಿ ಎಸ್ತೇರಳಿಗೆ ವಾಂತಿಯಾಯಿತು. ಅವಳು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಪಿಯುಸಿ. ಅಂಕೋಲೆಯಿಂದ ಮುಂದೆ ಬೆವರು ಶುರುವಾದದ್ದು ಐದು ದಿನ ನಿಲ್ಲಲಿಲ್ಲ. ಸುರತ್ಕಲ್ಲಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಕಾಲೇಜು ಮಕ್ಕಳು ಒಂದೇ ಸಮನೆ ಹತ್ತಿದರು, ಅಲ್ಲಿಯವರೆಗೆ ಜೋರಾಗಿದ್ದ ನಮ್ಮ ಹುಡುಗರ ಇಂಗ್ಲಿಷು ಅಲ್ಲಿಂದ ಮುಂದೆ ಸ್ವಲ್ಪ ಕಡಿಮೆಯಾಯಿತು. ಐದು ಗಂಟೆಗೆ ಇಳಿದೆವು. ಪಂಪ್‌ವೆಲ್ ಹತ್ತಿರದ ಒಂದು ಸಭೆಯವರು ತಮ್ಮ ದೇವಾಲಯದ ಹಿಂದಿನ ಹಾಲ್ ಕೊಟ್ಟಿದ್ದರು. ಹೆಂಚಿನ ಮಾಡು, ಎರಡು ಫ್ಯಾನು, ಫ್ಲೈಓವರ್ ಮೇಲಿನ ಲಾರಿಗಳ ಸದ್ದು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಅನ್ನದ ಕಾಳು ಶೇಂಗಾದಷ್ಟು ದಪ್ಪ ಕಂಡಿತು, ಆದರೆ ಎರಡನೇ ದಿನಕ್ಕೆ ನಾಲಿಗೆಗೆ ಹಿಡಿಸಿತು.

ಮಂಗಳವಾರ ಬೆಳಿಗ್ಗೆ ಸಿಟಿ ಬಸ್ಸು ಹತ್ತಿದೆವು. ನಾನು ಅಭ್ಯಾಸದಂತೆ ಆಧಾರ್ ಕಾರ್ಡ್ ಚಾಚಿದೆ. ಕಂಡಕ್ಟರ್ ಅದನ್ನೂ ನನ್ನನ್ನೂ ನೋಡಿ, "ಇದು ಪ್ರೈವೇಟ್ ಬಸ್ ಅಮ್ಮ, ಇಲ್ಲಿ ನಿಮ್ಮ ಫೋಟೋ ನಡೆಯುದಿಲ್ಲ" ಎಂದ. ಬಸ್ಸಿನವರೆಲ್ಲ ನಕ್ಕರು. ನಾನು ಕಂಕನಾಡಿಯಲ್ಲಿ ಇಳಿಯುವವರೆಗೂ ತಲೆ ಎತ್ತಲಿಲ್ಲ. ಅಲ್ಲಿಂದ ಫಳ್ನೀರಿಗೆ ನಡೆದೆವು. ರಸ್ತೆಯ ಎರಡೂ ಬದಿ ಔಷಧಿ ಅಂಗಡಿ, ಲ್ಯಾಬು, ಹಣ್ಣಿನ ಗಾಡಿ. ಆಸ್ಪತ್ರೆಯ ಮುಂಭಾಗಕ್ಕೆ ಗಾಜು ಹಾಕಿದ್ದರು, ನನಗೆ ಗುರುತೇ ಹತ್ತಲಿಲ್ಲ. ಮೆಟ್ಟಿಲು ಮಾತ್ರ ಅದೇ. ಮೂರನೇ ಮಹಡಿಗೆ ಐವತ್ತೆರಡು ಮೆಟ್ಟಿಲು. ಎಣಿಸುವುದು ಬೇಕಿರಲಿಲ್ಲ, ಕಾಲಿಗೆ ನೆನಪಿತ್ತು.

ನಿಮ್ಮ ಅಜ್ಜ ಮಲಗಿದ್ದ ಆ ವಾರ್ಡನ್ನು ಈಗ ನೋಡಿಕೊಳ್ಳುವವರು ಲವೀನಾ ಎಂಬ ನರ್ಸು. ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಐವತ್ತರ ಹೆಂಗಸು, ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ ನಿಯಮ ಹೇಳಿದರು. ಹಾಸಿಗೆ ಮೇಲೆ ಕೂರಬಾರದು, ಯಾವ ಪುಸ್ತಕವನ್ನೂ ಹಂಚಬಾರದು, ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಪ್ರಾರ್ಥನೆ. ಸ್ಯಾಮುವೇಲ ಎಲ್ಲದಕ್ಕೂ ತಲೆಯಾಡಿಸಿದ. ಅವನು ಒಳ್ಳೆಯ ಹುಡುಗ, ಎರಡು ದಿನದಲ್ಲಿ ನಲವತ್ತು ಸಲವಾದರೂ ಆ ಮೆಟ್ಟಿಲು ಹತ್ತಿ ಇಳಿದಿರಬೇಕು. ನಮ್ಮ ಕಡೆಯವರು ಇಬ್ಬರು ಇದ್ದರು, ಹಾವೇರಿಯವರೊಬ್ಬರು, ಸವಣೂರಿನವರೊಬ್ಬರು. ನನ್ನ ರೊಟ್ಟಿಯ ಗಂಟು ಬಿಚ್ಚಿದಾಗ ಸವಣೂರಿನಾಕೆ ಒಂದನ್ನು ಮುರಿದು ಮೂಸಿ ನೋಡಿ ಅತ್ತಳು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ವಾಸು ಎಂಬವರು ಇದ್ದರು. ತುಳು ಮಾತಾಡುವವರು, ಮೀನಿನ ಟೆಂಪೋ ಓಡಿಸುತ್ತಿದ್ದರು. ಕಿಡ್ನಿಗೆ ಸೋಂಕು ತಗಲಿ ಒಂಬತ್ತು ದಿನದಿಂದ ಮಲಗಿದ್ದರು. ಹೆಂಡತಿ ಜಲಜ ಒಬ್ಬಳೇ ಹಗಲು ರಾತ್ರಿ ನೋಡಿಕೊಳ್ಳುತ್ತಿದ್ದಳು. ಮಗಳು ಬಾಣಂತಿ, ಮಗ ಗಲ್ಫಿನಲ್ಲಿ. ವಾಸು ಅವರ ಕೈಗಳಲ್ಲಿ ನರ ಸಿಗುತ್ತಿರಲಿಲ್ಲ, ಚುಚ್ಚಿ ಚುಚ್ಚಿ ಎರಡೂ ಕೈ ನೀಲಿಗಟ್ಟಿದ್ದವು. ಆದ್ದರಿಂದ ಡ್ರಿಪ್ಪಿನ ಬಾಟಲಿ ಖಾಲಿಯಾಗುವ ಮೊದಲೇ ಕರೆಯಬೇಕು, ಖಾಲಿಯಾದರೆ ರಕ್ತ ಹಿಂದಕ್ಕೆ ಬಂದು ಸೂಜಿ ಕಟ್ಟಿಕೊಳ್ಳುತ್ತದೆ ಎಂದು ಸಿಸ್ಟರ್ ಜಲಜಳಿಗೆ ಹೇಳಿದ್ದರು. ಅವಳು ಅದರ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ನನ್ನೊಡನೆ ಮಾತಾಡುವಾಗಲೂ ಬಾಟಲಿಯನ್ನೇ ನೋಡಿಕೊಂಡು ಮಾತಾಡುತ್ತಿದ್ದಳು.

ಬುಧವಾರ ಮಧ್ಯಾಹ್ನ ವಾಸು ಅವರಿಗೆ ಜ್ವರ ಏರಿತು. ನಾವೆಲ್ಲ ಆ ಹಾಸಿಗೆಯ ಬಳಿಯೇ ಇದ್ದೆವು. ಜಲಜ ಸ್ಯಾಮುವೇಲನಿಗೆ ತಾನಾಗಿಯೇ ಹೇಳಿದಳು: "ನಮ್ಮ ದೈವಕ್ಕೆ ಹರಕೆ ಹೇಳಿ ಆಯ್ತು. ನಿಮ್ಮ ದೇವರಿಗೂ ಒಂದು ಮಾತು ಹೇಳಿ, ಮಗಾ."

ಸ್ಯಾಮುವೇಲ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದ. ಜಲಜ ಬಾಟಲಿ ನೋಡಿದಳು. "ನೀವೂ ಮುಚ್ಚಿರಿ ಅಕ್ಕಾರ, ಪೂರ್ಣ ಮನಸ್ಸಿನಿಂದ" ಎಂದ. ಅವಳು ಮುಚ್ಚಿದಳು. ನಮ್ಮವರಿಗೆ ಕಣ್ಣು ಮುಚ್ಚದೆ ಪ್ರಾರ್ಥನೆ ಇಲ್ಲ, ಚಿಕ್ಕಂದಿನಿಂದ ಹಾಗೇ ಕಲಿಸಿದ್ದಾರೆ. ಅವನು ಆರಂಭಿಸಿದ. ವಾಸು ಅವರಿಗಾಗಿ, ಡಾಕ್ಟರಿಗಾಗಿ, ನರ್ಸುಗಳಿಗಾಗಿ, ಮಂಗಳೂರು ನಗರಕ್ಕಾಗಿ, ದೇಶದ ಅಧಿಕಾರಿಗಳಿಗಾಗಿ.

ನನ್ನ ಕಣ್ಣು ತೆರೆದಿತ್ತು. ಇದು ನನ್ನ ಹಳೆಯ ಕಳ್ಳತನ. ನಿಮ್ಮ ಅಜ್ಜ ಮಲಗಿದ್ದಾಗ ಅವರ ಎದೆ ಏರಿಳಿಯುವುದನ್ನು ನೋಡುತ್ತಲೇ ಪ್ರಾರ್ಥಿಸಿ ಅಭ್ಯಾಸವಾಯಿತು, ಆಮೇಲೆ ನಾನು ಯಾವ ಪ್ರಾರ್ಥನೆಯಲ್ಲೂ ಕಣ್ಣು ಮುಚ್ಚಿಲ್ಲ. ತಲೆ ಬಗ್ಗಿಸಿರುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಬಾಟಲಿಯ ನೀರು ಕುತ್ತಿಗೆಗೆ ಇಳಿದದ್ದನ್ನು ಕಂಡೆ. ಹನಿ ನಿಂತದ್ದನ್ನು ಕಂಡೆ. ನಳಿಗೆಯಲ್ಲಿ ಕೆಂಪು ಒಂದು ಬೆರಳಷ್ಟು ಏರಿತು, ಮತ್ತೆ ಗೇಣುದ್ದ. ಪ್ರಾರ್ಥನೆಯ ನಡುವೆ ಮಾತಾಡುವುದು ಹೇಗೆ? ಅಷ್ಟು ಜನರ ನಡುವೆ ಬಾಯಿ ತೆರೆಯುವುದು ಹೇಗೆ? ಈಗ ಮುಗಿಸುತ್ತಾನೆ, ಈಗ ಮುಗಿಸುತ್ತಾನೆ ಎಂದು ಕಾದೆ. ಅವನು ಮುಗಿಸಲಿಲ್ಲ. ನಾನು ಕೂತೇ ಇದ್ದೆ.

ಆಮೆನ್ ಆದ ಮೇಲೆ ಕಣ್ಣು ತೆರೆದ ಜಲಜ ಒಂದು ಸಣ್ಣ ಸದ್ದು ಮಾಡಿದಳು. ಸಿಸ್ಟರ್ ಓಡಿ ಬಂದರು. ಆ ಸೂಜಿ ತೆಗೆದು ಬೇರೆ ಕಡೆ ನಾಲ್ಕು ಸಲ ಚುಚ್ಚಬೇಕಾಯಿತು. ವಾಸು ಅವರು ದೊಡ್ಡ ಆಳು, ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದರು. ಸಿಸ್ಟರ್ ಮೊದಲು ಬೈದದ್ದು ಜಲಜಳನ್ನು, ನೋಡಲಿಕ್ಕೆ ಹೇಳಿದ್ದು ಒಂದೇ ಕೆಲಸ ಎಂದು. ಆಮೇಲೆ ಸ್ಯಾಮುವೇಲನ ಕಡೆ ತಿರುಗಿದರು. "ಪ್ರಾರ್ಥನೆ ನಾನೂ ಮಾಡ್ತೇನೆ, ಮಾರಾಯ. ದಿನಾ ಮಾಡ್ತೇನೆ. ಸಿರಿಂಜ್ ಹಿಡ್ಕೊಂಡು ಮಾಡ್ತೇನೆ. ಕಣ್ಣು ಮುಚ್ಚಿದ್ರೆ ನನ್ನ ವಾರ್ಡಲ್ಲಿ ಎಷ್ಟು ಜನ ಉಳಿತಾರೆ?" ನಾಳೆಯಿಂದ ತಂಡ ಕೆಳಗೆ ಔಷಧಿ ಸಾಲಿನಲ್ಲಿ ನಿಂತರೆ ಸಾಕು, ವಾರ್ಡಿನೊಳಗೆ ಬರುವುದು ಬೇಡ ಎಂದರು.

ಹೊರಡುವಾಗ ಜಲಜ ತಲೆಯ ಮೇಲೆ ಕೈ ಹೊತ್ತು ಗೋಡೆಗೆ ಒರಗಿ ಕೂತಿದ್ದಳು. ಮನೆಯ ದೈವಕ್ಕೆ ಹೇಳಿ ಆದ ಮೇಲೆ ಬೇರೆ ಕಡೆಯೂ ಕೇಳಲಿಕ್ಕೆ ಹೋದೆ, ಅದಕ್ಕೇ ಹೀಗಾಯಿತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಅದನ್ನೂ ಕೇಳಿಸಿಕೊಂಡೆ, ಅದಕ್ಕೂ ಏನೂ ಹೇಳದೆ ಮೆಟ್ಟಿಲಿಳಿದೆ.

ಹಾಲಿಗೆ ಬಂದ ಮೇಲೆ ಯಾರಿಗೂ ಊಟ ಸೇರಲಿಲ್ಲ. ಸ್ಯಾಮುವೇಲ ಮೂಲೆಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ. ತಂಡವೆಲ್ಲ ಮರುದಿನವೇ ಊರಿಗೆ ಮರಳೋಣ ಎಂಬ ಮಾತು ಬಂತು. ನಾನು ಅವನ ಬಳಿ ಹೋಗಿ ಕೂತು, ನಾನು ಎಲ್ಲವನ್ನೂ ಕಂಡಿದ್ದೆ ಎಂದು ಹೇಳಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. "ಮತ್ತ ಯಾಕ ನನ್ನ ತಡೀಲಿಲ್ಲ, ಆಯಿ?" ಎಂದ. ನನ್ನ ಬಳಿ ಇದ್ದದ್ದು ಒಂದೇ ಉತ್ತರ, ಹನ್ನೊಂದು ವರ್ಷದ ಹಿಂದೆ ಹೇಳಿದ್ದೇ. ಮಂದಿ ಇದ್ದರು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಎಸ್ತೇರಳಿಗೆ ಮಾತ್ರ ಹೇಳಿ ಒಬ್ಬಳೇ ಹೊರಟೆ. ಜೊತೆಗೆ ಬರುತ್ತೇನೆ ಎಂದಳು, ಬೇಡವೆಂದೆ. ಪಂಪ್‌ವೆಲ್‌ನಲ್ಲಿ ಯಾವ ಬಸ್ಸು ಎಂದು ತಿಳಿಯದೆ ಎರಡು ಬಸ್ಸು ಬಿಟ್ಟೆ, ಮೂರನೆಯದಕ್ಕೆ ಬಾಯಿಬಿಟ್ಟು "ಕಂಕನಾಡಿ?" ಎಂದು ಕೇಳಿದೆ. ಮೊನ್ನೆಯ ಕಂಡಕ್ಟರೇ. "ಇವತ್ತು ಫೋಟೋ ತರಲಿಲ್ವಾ ಅಮ್ಮ?" ಎಂದ. ನಾನು ದುಡ್ಡು ಕೊಟ್ಟು, ಅವನ ಮುಖ ನೋಡಿ, "ತಂದೀನಿ, ಕೊಡೂದಿಲ್ಲ" ಎಂದೆ. ಅವನು ನಕ್ಕು ಸೀಟು ಕೊಡಿಸಿದ.

ಮೂರನೇ ಮಹಡಿಯ ಬಾಗಿಲ ಬಳಿ ಬೆಂಚಿನ ಮೇಲೆ ಒಂದೂವರೆ ತಾಸು ಕೂತೆ. ಸಿಸ್ಟರ್ ಲವೀನಾ ಬಂದು, ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಎಂತ ಅಮ್ಮ? ನಿನ್ನೆಯೇ ಹೇಳಿದ್ದೇನಲ್ಲ." ನಾನು ಎದ್ದು ನಿಂತೆ. ಬಂದು ಹೋಗುವವರು ನೋಡುತ್ತಿದ್ದರು. ನಿನ್ನೆ ನಾನು ಕಣ್ಣು ಮುಚ್ಚಿರಲಿಲ್ಲ, ಬಾಟಲಿ ಖಾಲಿಯಾದದ್ದು ಕಂಡಿದ್ದೆ, ನಾಚಿಕೆಗೆ ಸುಮ್ಮನಿದ್ದೆ, ನನಗೆ ಬೀಳಬೇಕಾದ ಬೈಗುಳ ಆ ಹೆಣ್ಣುಮಗಳು ತಿಂದಳು, ಇಷ್ಟನ್ನೂ ಹೇಳಿದೆ. ಅರ್ಧ ಮಾತಿಗೆ ದನಿ ಒಡೆಯಿತು, ಮತ್ತೆ ಜೋಡಿಸಿಕೊಂಡು ಪೂರ್ತಿ ಮಾಡಿದೆ.

ಸಿಸ್ಟರ್ ಎಲ್ಲ ಕೇಳಿಸಿಕೊಂಡು, ನೀವು ನರ್ಸ್ ಆಗಿದ್ದರೆ ನಿಮ್ಮನ್ನು ಇವತ್ತೇ ಮನೆಗೆ ಕಳಿಸುತ್ತಿದ್ದೆ ಎಂದರು. ಆಮೇಲೆ, "ಅವಳಿಗೆ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. "ಮೊದಲು ಅವಳಿಗೆ ಹೇಳಿ. ನೀವೊಬ್ಬರೇ ಹೋಗಿ. ಮಕ್ಕಳು ಬೇಡ."

ಜಲಜ ಗಂಡನ ಕಾಲು ಒರೆಸುತ್ತಿದ್ದಳು. ಹೊಸ ಬಾಟಲಿ ತೂಗುತ್ತಿತ್ತು. ನಾನು ಎದುರು ನಿಂತೇ ಹೇಳಿದೆ: "ತಂಗೀ, ನಿಮ್ಮ ದೈವ ಸಿಟ್ಟಾಗಿಲ್ಲ. ನೀ ಏನೂ ತಪ್ಪು ಮಾಡಿಲ್ಲ. ರಕ್ತ ಏರೂದು ನಾ ಕಂಡಿದ್ದೆ. ಮಂದಿ ಮುಂದ ಮಾತಾಡಾಕ ಅಂಜಿ ಸುಮ್ಮ ಕುಂತೆ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. "ನೋಡಿಯೂ ಕೂತಿದ್ರಾ?" ಎಂದು ಕೇಳಿದಳು. ಹೌದು ಎಂದೆ. ಕ್ಷಮಿಸು ಎಂದೆ. ಹಾಸಿಗೆಯಿಂದ ವಾಸು ಅವರು ತುಳುವಿನಲ್ಲಿ ಏನೋ ಅಂದರು, ಅವಳು ಮತ್ತೆ ಕಾಲು ಒರೆಸತೊಡಗಿದಳು. ನಾನು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವಳು ಬಕೆಟ್ ಬದಿಗಿಟ್ಟು, ಮಂಚದ ಕೆಳಗಿನಿಂದ ತನ್ನ ಬಟ್ಟೆಯ ಚೀಲ ಎಳೆದಳು.

"ನಾಲ್ಕು ದಿನ ಆಯ್ತು ಸ್ನಾನ ಮಾಡದೆ. ಹೋಗಿ ಬರ್ತೇನೆ. ನೀವು ನೋಡ್ತಿರಿ."

ಮಕ್ಕಳೇ, ನನ್ನ ಕೈಗೆ ಯಾರೂ ಅಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಾಟಲಿಯನ್ನೇ ನೋಡಿದೆ. ವಾಸು ಅವರು ನನ್ನನ್ನು ನೋಡಿ, "ಅಮ್ಮ, ನಡುವೆ ಸ್ವಲ್ಪ ಉಸಿರಾಡಿ, ತೊಂದರೆ ಇಲ್ಲ" ಎಂದರು. ನಾನು ನಗಲೂ ಇಲ್ಲ. ನೀರು ಬಾಟಲಿಯ ಮೇಲೆ ಬರೆದ ಗೆರೆಗಳನ್ನು ಒಂದೊಂದಾಗಿ ಇಳಿಯಿತು. ಜಲಜ ಬರಲಿಲ್ಲ. ಸ್ನಾನದ ಮನೆಗೆ ಸಾಲು ಇದ್ದಿರಬೇಕು. ನೀರು ಕೊನೆಯ ಗೆರೆಗೆ ಬಂತು. ನರ್ಸನ್ನು ಕರೆಯುವ ಗುಂಡಿ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಸಿಸ್ಟರ್ ವಾರ್ಡಿನ ಆ ತುದಿಯಲ್ಲಿ ಯಾರಿಗೋ ಔಷಧಿ ಕೊಡುತ್ತಿದ್ದರು, ಅವರ ಬೆನ್ನು ಕಾಣುತ್ತಿತ್ತು. ನಡುವೆ ಎಂಟು ಹಾಸಿಗೆ, ಅವರವರ ನೆಂಟರು, ಊಟದ ಗಾಡಿ.

ನಾನು ಎದ್ದು ನಿಂತು ಕೂಗಿದೆ. "ಸಿಸ್ಟರ್! ಬಾಟ್ಲಿ ಮುಗೀತು!"

ಗಿರಣಿಯ ಮುಂದೆ ನಿಂತು ಕೂಗಿದಂತೆ ಕೂಗಿದೆನಂತೆ, ಆಮೇಲೆ ಎಲ್ಲರೂ ಹೇಳಿದರು. ಇಡೀ ವಾರ್ಡು ನನ್ನ ಕಡೆ ತಿರುಗಿತು. ಊಟದ ಗಾಡಿಯವನು ಸೌಟು ಎತ್ತಿ ಹಾಗೇ ನಿಂತ. ಸಿಸ್ಟರ್ ಬಂದು ಬಾಟಲಿ ಬದಲಿಸಿದರು. ಕೆಂಪು ಒಂದು ಎಳೆಯಷ್ಟೂ ಏರಿರಲಿಲ್ಲ. "ಗಂಟಲು ಉಂಟಲ್ಲ ನಿಮಗೆ" ಎಂದಷ್ಟೇ ಹೇಳಿ ಹೋದರು. ಒದ್ದೆ ಕೂದಲು ಕಟ್ಟಿಕೊಂಡು ಓಡಿ ಬಂದ ಜಲಜ ಮೊದಲು ನಳಿಗೆ ನೋಡಿದಳು, ಆಮೇಲೆ ನನ್ನನ್ನು. ನಿಮ್ಮ ಕೂಗು ಸ್ನಾನದ ಮನೆಯವರೆಗೆ ಬಂತು ಎಂದಳು.

ಮಧ್ಯಾಹ್ನ ಸಿಸ್ಟರ್ ತಾವೇ ಕೆಳಗೆ ಹೋಗಿ, ಊರಿಗೆ ಮರಳುವ ಮಾತು ಬಿಟ್ಟು ಔಷಧಿ ಸಾಲಿಗೆ ಬಂದು ನಿಂತಿದ್ದ ಸ್ಯಾಮುವೇಲನನ್ನು ಕರೆದರು. ಒಬ್ಬೊಬ್ಬರಾಗಿ ಬನ್ನಿ, ಹಿಂಡಾಗಿ ಬೇಡ ಎಂದರು. ಅವನು ಜಲಜಳ ಕಾಲಿಗೆ ಬೀಳಲು ಹೋದ. ಅವಳು ಹಿಂದೆ ಸರಿದು, ಅದೆಲ್ಲ ಬೇಡ, ಎಳನೀರು ತಂದು ಕೊಡು ಎಂದಳು. ತಂದ.

ಶುಕ್ರವಾರ ನಮ್ಮ ಕೊನೆಯ ದಿನ. ವಾಸು ಅವರ ಜ್ವರ ಇಳಿದಿತ್ತು, ಆದರೆ ಮನೆಗೆ ಯಾವಾಗ ಎಂದು ಡಾಕ್ಟರು ಹೇಳಿರಲಿಲ್ಲ. ಸಂಜೆ ನಾಲ್ಕಕ್ಕೆ ನಾನು ಹೇಳಿಹೋಗಲು ಬಂದೆ. ಉಳಿದ ಎಂಟು ರೊಟ್ಟಿಯನ್ನು ಸವಣೂರಿನಾಕೆಗೆ ಕೊಟ್ಟೆ. ಜಲಜ ನನಗೆ ಕಾಗದದಲ್ಲಿ ಕಟ್ಟಿದ ಗೋಳಿಬಜೆ ಕೊಟ್ಟಳು, ದಾರಿಯಲ್ಲಿ ಮಕ್ಕಳಿಗೆ ಎಂದು. ನಾನು ಚೀಲ ಎತ್ತಿಕೊಳ್ಳುವಾಗ ಅವಳು ಕೇಳಿದಳು: "ಅಮ್ಮ, ನೀವು ಹೇಳುದಿಲ್ವಾ ಒಂದು? ಆ ಹುಡುಗನದ್ದು ಬೇಡ. ನಿಮ್ಮದು, ಸಣ್ಣದು."

ಮನೆಯ ದೈವಕ್ಕೆ ಬೇಸರವಾದೀತೇ ಎಂದು ನಾನು ಕೇಳಿದೆ. ಅದು ನಾನು ಮಾತಾಡಿಕೊಂಡಿದ್ದೇನೆ, ಒಪ್ಪಿಗೆ ಉಂಟು ಎಂದಳು.

ಹತ್ತು ಹಾಸಿಗೆ, ತುಂಬ ಜನ. ಭೇಟಿಯ ಹೊತ್ತು. ನಾನು ಕಣ್ಣು ಮುಚ್ಚಲಿಲ್ಲ, ಅವಳಿಗೂ ಮುಚ್ಚಲು ಹೇಳಲಿಲ್ಲ. ಇಬ್ಬರೂ ಬಾಟಲಿ ನೋಡಿಕೊಂಡು ನಿಂತೆವು. ನಾನು ಹೇಳಿದೆ: "ಕರ್ತನೇ, ವಾಸಣ್ಣಗ ಆರಾಮ ಮಾಡು. ಇವತ್ತು ಹೊಟ್ಟೆ ತುಂಬ ಗಂಜಿ ಉಣ್ಣಲಿ. ಜಲಜ ಒಂದು ರಾತ್ರಿ ನಿದ್ದಿ ಮಾಡಲಿ. ಈ ಕೋಣ್ಯಾಗ ಮಲಗಿದವರನ್ನೆಲ್ಲಾ ನೋಡಕೋ. ಮೊದಲ ಇಲ್ಲಿ ಮಲಗಿದ್ದವರನ್ನೂ. ಆಮೆನ್."

ಬಾಗಿಲ ಬಳಿಯ ಹಾಸಿಗೆ ಎಲ್ಲಕ್ಕಿಂತ ದೂರ. ಅಲ್ಲಿ ಒಬ್ಬ ಮುದುಕರು ಕಿವಿಗೆ ಯಂತ್ರ ಹಾಕಿಕೊಂಡು ಮಲಗಿದ್ದರು, ಬ್ಯಾರಿ ಮುಸ್ಲಿಮರು. ನಾನು ಅವರ ಪಕ್ಕದಿಂದ ಹಾದು ಹೋಗುವಾಗ ಕೈ ಎತ್ತಿ ನಿಲ್ಲಿಸಿದರು. "ಇಲ್ಲಿವರೆಗೆ ಕೇಳಿತು, ಅಮ್ಮ" ಎಂದರು.

ಐವತ್ತೆರಡು ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದೆ. ಅಳು ಬಂದದ್ದು ಕೆಳಗೆ, ಹಣ್ಣಿನ ಗಾಡಿಯ ಬಳಿ. ಗಾಡಿಯವನು ಏನೂ ಕೇಳದೆ ಒಂದು ಸ್ಟೂಲು ಸರಿಸಿದ. ಅಲ್ಲಿ ಕೂತು ಮೇಲೆ ನೋಡಿದೆ. ಮೂರನೇ ಮಹಡಿಯ ಕಿಟಕಿಯಲ್ಲಿ ಜಲಜ ಟವೆಲ್ ಒಣಗಿಸುತ್ತಿದ್ದಳು. ನನ್ನನ್ನು ಕಾಣಲಿಲ್ಲ. ಅವಳ ಮುಖ ಒಳಗೆ, ಬಾಟಲಿಯ ಕಡೆಗಿತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ಮತ್ತೆ ಆಧಾರ್ ಕಾರ್ಡ್, ಸೊನ್ನೆ ರೂಪಾಯಿಯ ಟಿಕೆಟ್. ಗೋಳಿಬಜೆ ಕೂಳೂರಿನ ಸೇತುವೆ ಬರುವ ಮೊದಲೇ ಖಾಲಿಯಾಯಿತು. ಸ್ಯಾಮುವೇಲ ಪ್ರಯಾಣದ ಪ್ರಾರ್ಥನೆಗೆ ಏಳಲಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ, "ಆಯಿ, ನೀವು ಮಾಡ್ರಿ" ಎಂದ. ಎಸ್ತೇರ ಆಗಲೇ ಕಣ್ಣು ಮುಚ್ಚಿದ್ದಳು, ಅವಳಿಗೆ ಘಾಟಿಯ ಭಯ. ಬಸ್ಸು ತುಂಬಿತ್ತು. ಎದ್ದು ಹೋಗಲು ಒಲೆಯೂ ಇರಲಿಲ್ಲ, ಇಡಲು ಚಹಾವೂ ಇರಲಿಲ್ಲ. ನಾನು ಕಂಬಿ ಹಿಡಿದು ಎದ್ದು ನಿಂತೆ.